ಪಿಂಗಾಣಿ ಮೈದಾನದ ಶನಿವಾರ

ಶನಿವಾರ ನಾಲ್ಕು ಗಂಟೆಯೊಳಗೆ ಮೈದಾನ ಬಿಡದಿದ್ದರೆ ಯಾವುದಕ್ಕೆ ಎಷ್ಟು ತೆರಬೇಕು ಎಂಬುದು ನಮ್ಮ ಸಂತೆಯಲ್ಲಿ ಎಲ್ಲರಿಗೂ ಬಾಯಿಪಾಠ. ಈರುಳ್ಳಿಯಾದರೆ ಮೂಟೆಗೆ ಒಂದು ಮೊರದಷ್ಟು ಜಜ್ಜಿಹೋಗುತ್ತದೆ, ಉಳಿದದ್ದನ್ನು ಆರಿಸಿಕೊಳ್ಳಬಹುದು. ಟೊಮೆಟೊ ಅರ್ಧಕ್ಕರ್ಧ. ಮೊಟ್ಟೆಯಾದರೆ ಪೂರ್ತಿ ಹೋಯಿತೆಂದೇ ಲೆಕ್ಕ. ತಳ್ಳುಗಾಡಿಗೆ ಒಂದು ಚಕ್ರ. ತಕ್ಕಡಿ ಉಳಿಯುತ್ತದೆ, ಆದರೆ ಆಮೇಲೆ ಅದು ಎಂದೂ ಸರಿಯಾಗಿ ತೂಗುವುದಿಲ್ಲ. ಹಟ ಹಿಡಿದು ನಿಂತ ಮನುಷ್ಯನಾದರೆ ಮೊಣಕಾಲಿನ ಚರ್ಮ ಹೋಗುತ್ತದೆ, ಜೊತೆಗೆ ಮರ್ಯಾದೆಯೂ ಹೋಗುತ್ತದೆ. ನಾನು ಲೂರ್ದಮ್ಮ, ಈರುಳ್ಳಿ ಬೆಳ್ಳುಳ್ಳಿ ಮಾರುವವಳು. ಉತ್ತರದ ಗೋಲಿನ ಬಾಯಲ್ಲಿ ನನ್ನ ಜಾಗ. ಇದರಲ್ಲಿ ಮೊಟ್ಟೆ ಬಿಟ್ಟು ಉಳಿದದ್ದನ್ನೆಲ್ಲ ನಾನು ಒಂದಲ್ಲ ಒಂದು ಶನಿವಾರ ತೆತ್ತಿದ್ದೇನೆ.

ನಮ್ಮ ಸಂತೆ ಕೂರುವುದು ಸ್ಟೇಡಿಯಂನೊಳಗೆ. ಅದನ್ನು ಕಟ್ಟಿಸಿದವರು ಪಿಂಗಾಣಿ ಕಾರ್ಖಾನೆಯವರು. ಅವರಿಗೊಂದು ಫುಟ್‌ಬಾಲ್ ತಂಡವಿತ್ತು. ಹವ್ಯಾಸಕ್ಕೆ ಆಡುವವರಲ್ಲ, ತಿಂಗಳ ಸಂಬಳಕ್ಕೆ ಆಡುವವರು. ಬಿಳೀ ಅಂಗಿ, ನೀಲಿ ಚಡ್ಡಿ, ಎದೆಯ ಮೇಲೊಂದು ಚಹಾ ಕಪ್ಪಿನ ಚಿತ್ರ. ಜನ ಕಪ್ಪುಬಸಿ ಕೊಳ್ಳುವುದನ್ನು ಬಿಟ್ಟು ಸ್ಟೀಲು ಲೋಟ ಹಿಡಿದ ಮೇಲೆ ಕಾರ್ಖಾನೆ ಮುಚ್ಚಿತು, ತಂಡವೂ ಕರಗಿತು. ಆಟಗಾರರಲ್ಲಿ ಒಬ್ಬ ಬಸ್ ಕಂಡಕ್ಟರ್ ಆದ, ಇನ್ನೊಬ್ಬ ಬೇಕರಿ ಇಟ್ಟ, ಉಳಿದವರು ಯಾವ ದಿಕ್ಕಿಗೆ ಹೋದರೋ ತಿಳಿಯದು. ಗೋಲಿನ ಕಂಬಗಳನ್ನು ಯಾರೋ ಕಿತ್ತು ಗುಜರಿಗೆ ಹಾಕಿದರು. ಅಲ್ಲಿಯವರೆಗೆ ಚರಂಡಿಗೆ ಬೆನ್ನು ಹಾಕಿಕೊಂಡು ರಸ್ತೆಬದಿಯಲ್ಲಿ ಕೂರುತ್ತಿದ್ದ ನಾವು ಖಾಲಿ ಮೈದಾನ ಕಂಡು ಒಳಗೆ ಬಂದೆವು. ಬೇಡ ಎನ್ನುವವರು ಯಾರೂ ಇರಲಿಲ್ಲ.

ಮೈದಾನ ಮಾತ್ರ ಬೇಡ ಎಂದಿತು, ಅದೂ ಶನಿವಾರ ಒಂದು ದಿನ. ನಾಲ್ಕು ಗಂಟೆಗೆ ಸರಿಯಾಗಿ ನೆಲದಿಂದ ಸುಣ್ಣದ ಗೆರೆ ಹಾಲುಕ್ಕಿದ ಹಾಗೆ ಮೂಡುತ್ತದೆ. ಗುಜರಿಗೆ ಹೋದ ಕಂಬಗಳು ಎರಡೂ ಕಡೆ ಮೊಳಕೆಯ ಹಾಗೆ ಎದ್ದು ನಿಲ್ಲುತ್ತವೆ. ಆಮೇಲೆ ಗೆರೆಯೊಳಗೆ ಇರುವುದೆಲ್ಲ ಜಾರತೊಡಗುತ್ತದೆ. ಜೋರಾಗಿ ಅಲ್ಲ. ಮನೆಗೆ ಬಂದ ನೆಂಟರನ್ನು ಮಾತಾಡುತ್ತ ಮಾತಾಡುತ್ತ ಬಾಗಿಲವರೆಗೆ ಕರೆದೊಯ್ದು ಬಿಡುತ್ತಾರಲ್ಲ, ಹಾಗೆ. ಬುಟ್ಟಿ, ಮೂಟೆ, ತಕ್ಕಡಿ, ಮನುಷ್ಯ, ಎಲ್ಲವೂ ಹತ್ತಿರದ ಗೆರೆಯವರೆಗೆ ಜಾರಿ ಅದರಾಚೆ ಬಿದ್ದಮೇಲೆ ಮೈದಾನ ಖಾಲಿಯಾಗಿ ಮಲಗಿರುತ್ತದೆ. ಮುಕ್ಕಾಲು ಗಂಟೆಯಾದ ಮೇಲೆ ಒಂದು ವಿರಾಮ. ಆಗ ಒಳಗೆ ಓಡಿ ಮರೆತ ಚಪ್ಪಲಿ ತರಬಹುದು. ಮತ್ತೆ ಮುಕ್ಕಾಲು ಗಂಟೆ. ಆಮೇಲೆ ಗೆರೆ ಇಂಗುತ್ತದೆ, ಕಂಬ ಇಳಿಯುತ್ತದೆ, ನಾವು ಮತ್ತೆ ಬುಟ್ಟಿ ಹರಡುತ್ತೇವೆ.

ಆ ಒಂದೂವರೆ ಗಂಟೆ ಸಂತೆಯವರೆಲ್ಲ ಗ್ಯಾಲರಿಯ ಮೆಟ್ಟಿಲ ಮೇಲೆ. ಕಣ್ಣೆದುರು ಖಾಲಿ ಮೈದಾನ, ಕೈಯಲ್ಲಿ ಏನಾದರೂ ಕೆಲಸ. ನಾನು ಬೆಳ್ಳುಳ್ಳಿ ಬಿಡಿಸುತ್ತೇನೆ. ಮೊಟ್ಟೆಯ ಹಸೀನಾ ಊರಿನವರ ಮರ್ಯಾದೆಯನ್ನು ಬಿಡಿಸುತ್ತಾಳೆ. ನಮ್ಮಲ್ಲಿ ಎಷ್ಟೋ ಮದುವೆ ಕುದುರಿದ್ದು, ಎಷ್ಟೋ ಜಗಳ ಹರಿದದ್ದು ಆ ಮೆಟ್ಟಿಲುಗಳ ಮೇಲೆಯೇ. ಗೆರೆಯಾಚೆ ಉರುಳಿ ಬಂದ ಸಾಮಾನಿಗೆ ಮಾತ್ರ ಒಂದು ಕಟ್ಟುನಿಟ್ಟು ಇತ್ತು. ಉರುಳುವುದನ್ನು ಯಾರ ಕಾಲು ತಡೆಯಿತೋ ಅವರು ಅದನ್ನೆತ್ತಿ ತಲೆಯ ಮೇಲೆ ಹಿಡಿದು "ಯಾರ್ದಪ್ಪಾ ಇದು?" ಎಂದು ಕೂಗಬೇಕು, ನನ್ನದು ಎಂದವರ ಕೈಗೆ ಕೊಡಬೇಕು. ಒಂದು ಈರುಳ್ಳಿಯಾದರೂ ಸರಿಯೇ. ಇದು ತಪ್ಪಿದವರಿಗೆ ಸಂತೆಯಲ್ಲಿ ಜಾಗವಿಲ್ಲ. ಹಾಗಾಗಿ ನಮ್ಮ ಮಕ್ಕಳು ನಡೆಯಲು ಕಲಿಯುವ ಮೊದಲೇ ಕಾಲಿನಿಂದ ತಡೆಯಲು ಕಲಿಯುತ್ತವೆ, ಮಾತು ಕಲಿತ ಕೂಡಲೇ "ಯಾರ್ದು?" ಎನ್ನುತ್ತವೆ.

ಹೀಗೆ ಹೊಂದಿಕೊಂಡು ಬದುಕುತ್ತಿದ್ದವರ ನಡುವೆ ಹೋದ ವರ್ಷ ಹೊಸ ತಹಶೀಲ್ದಾರ್ ಮೇಡಂ ಬಂದರು. ಚಿಕ್ಕ ವಯಸ್ಸು, ಗಟ್ಟಿ ಮಾತು. ಅವರು ನಮ್ಮನ್ನು ಬೈಯಲು ಬಂದಿರಲಿಲ್ಲ. ಗ್ಯಾಲರಿಯ ಕೆಳಮೆಟ್ಟಿಲಲ್ಲಿ ನಮ್ಮ ಜೊತೆಯೇ ಕೂತು ಚಹಾ ಕುಡಿದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

"ನೋಡಿ ಅಮ್ಮಾ, ಸರ್ಕಾರದ ಲೆಕ್ಕದಲ್ಲಿ ಇದು ಆಟದ ಮೈದಾನ. ಆಟದ ಮೈದಾನ ಅಂದ್ರೆ ಯಾರೂ ಮುಟ್ಟೋ ಹಾಗಿಲ್ಲ, ಸಂತೆಗೂ ಅಡ್ಡಿ ಇಲ್ಲ. ಆದ್ರೆ ಇಷ್ಟು ವರ್ಷದಿಂದ ಇಲ್ಲಿ ಒಂದು ಆಟಾನೂ ನಡೆದಿಲ್ಲ. ಆಟ ಇಲ್ಲದ ಮೈದಾನ ಪಾಳು ಜಾಗ. ಪಾಳು ಜಾಗ ಆದ್ರೆ ಹರಾಜು. ಕೋಲ್ಡ್ ಸ್ಟೋರೇಜ್ ಕಟ್ಟೋರು ಆಗ್ಲೇ ಅರ್ಜಿ ಹಾಕಿದಾರೆ."

"ಕಟ್ಲಿ ಬಿಡಿ ಮೇಡಂ," ಎಂದಳು ಹಸೀನಾ. "ಶನಿವಾರ ಬಂದ್ರೆ ಅವರ ಕೋಲ್ಡ್ ಸ್ಟೋರೇಜೂ ಜಾರ್ಕೊಂಡು ರಸ್ತೆಗೆ ಬೀಳುತ್ತೆ."

"ಬೀಳುತ್ತೆ. ಆದ್ರೆ ಅದು ಬೀಳೋ ಹೊತ್ತಿಗೆ ನೀವೆಲ್ಲಾ ಮತ್ತೆ ಚರಂಡಿ ಪಕ್ಕಕ್ಕೆ ಹೋಗಿರ್ತೀರಿ."

ಮೇಡಂ ಎದ್ದು ಸೀರೆಯ ಧೂಳು ಕೊಡವಿ ಹೇಳಿದರು: "ನನಗೆ ಒಂದು ಆಟ ತೋರಿಸಿ. ಎರಡು ತಂಡ, ಪೂರ್ತಿ ಆಟ, ಶುರುವಿನಿಂದ ಕೊನೇವರೆಗೆ. ಸೋತ್ರೂ ಪರವಾಗಿಲ್ಲ, ಮುಗೀಬೇಕು. ಮುಗೀತು ಅಂದ್ರೆ ನಾನು ಧೈರ್ಯವಾಗಿ ‘ಆಟದ ಮೈದಾನ’ ಅಂತ ಬರೀತೀನಿ."

ಅವರು ಹೋದ ಮೇಲೆ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕಂಬವೂ ಗೆರೆಯೂ ಏಳುವುದು ಶನಿವಾರ ಮಾತ್ರ. ಶನಿವಾರ ಒಳಗೆ ಯಾರೂ ಉಳಿಯುವ ಹಾಗಿಲ್ಲ. ಮೊದಲ ವರ್ಷಗಳಲ್ಲೊಮ್ಮೆ ಊರಿನ ಹುಡುಗರು ಚೆಂಡು ಹಿಡಿದು ಒಳಗೆ ನಿಂತಿದ್ದರು. ಹಮಾಲರ ಮೇಸ್ತ್ರಿ ಜವರಯ್ಯ ಅವರನ್ನು ಸಾಲಾಗಿ ನಿಲ್ಲಿಸಿದ್ದ. ಅವನಿಗೆ ಆಟ ಗೊತ್ತು, ಪಿಂಗಾಣಿ ತಂಡದ ಬೂಟಿನ ಪೆಟ್ಟಿಗೆ ಹೊರುತ್ತಿದ್ದವನು. ನೀನಿಲ್ಲಿ ನಿಲ್ಲು, ನೀನಲ್ಲಿ ನಿಲ್ಲು ಎಂದು ಹೇಳಿ ಮುಗಿಸುವಷ್ಟರಲ್ಲಿ ಹನ್ನೊಂದೂ ಹುಡುಗರು ಚೆಂಡಿನ ಸಮೇತ ಗೆರೆಯಾಚೆ ಬಿದ್ದಿದ್ದರು. ಅಂದಿನಿಂದ ಯಾರೂ ಆ ಉಸಾಬರಿಗೆ ಹೋಗಿರಲಿಲ್ಲ.

ನನಗೆ ಒಂದು ಸಂಗತಿ ನೆನಪಿತ್ತು. ಒಮ್ಮೆ ನಾಲ್ಕು ಗಂಟೆಯ ಮೇಲೆ ಹಸೀನಾಳ ಕೋಳಿ ತಪ್ಪಿಸಿಕೊಂಡು ಗೆರೆಯೊಳಗೆ ನುಗ್ಗಿತ್ತು, ಅದರ ಹಿಂದೆ ನಾಯಿ. ಎರಡೂ ಮೈದಾನದ ತುಂಬ ಓಡಾಡಿದವು. ಯಾವುದೂ ಜಾರಲಿಲ್ಲ. ನಾಯಿ ದಣಿದು ಕೂತಿತು, ಕೂತ ನಾಯಿ ಕೂತ ಭಂಗಿಯಲ್ಲೇ ಜಾರಿಕೊಂಡು ಹೊರಬಿತ್ತು. ಕೋಳಿ ಓಡುತ್ತಲೇ ಇತ್ತು, ಒಳಗೇ ಇತ್ತು. ಅವತ್ತು ನಾವು ಹೊಟ್ಟೆ ಹಿಡಿದು ನಕ್ಕು ಸುಮ್ಮನಾಗಿದ್ದೆವು.

"ಜವರಣ್ಣಾ, ಮೈದಾನ ತಳ್ಳೋದು ನಿಂತೋರ್ನ," ಎಂದೆ. "ಓಡೋರ್ನಲ್ಲ. ನಾವು ಇಷ್ಟು ವರ್ಷ ಏನ್ ಮಾಡ್ತಿದ್ವಿ? ಬುಟ್ಟಿ ಹಿಡ್ಕೊಂಡು ಕಾಲೂರಿ ನಿಲ್ತಿದ್ವಿ. ಅದಕ್ಕೇ ತಳ್ತು. ನೀನು ಹುಡುಗ್ರನ್ನ ಕಂಬದ ಹಾಗೆ ನಿಲ್ಲಿಸ್ದೆ. ಅದಕ್ಕೇ ತಳ್ತು."

"ಕೋಳಿ ನೋಡಿ ಫುಟ್‌ಬಾಲ್ ಕಲೀಬೇಕಾ ಈಗ?" ಎಂದ ಜವರಯ್ಯ.

"ಕೋಳಿ ನಂದು," ಎಂದಳು ಹಸೀನಾ. "ಕಲ್ಸಿದ್ದಕ್ಕೆ ದುಡ್ಡು ಕೊಡ್ಬೇಕು."

ಮಾತಿನಲ್ಲಿ ಕಳೆಯುವುದು ಬೇಡವೆಂದು ಮುಂದಿನ ಶನಿವಾರ ಬುಟ್ಟಿ ಎತ್ತಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನಾಲ್ಕು ಗಂಟೆಗೆ ನಾನೇ ಒಳಗೆ ಉಳಿದೆ. ಗೆರೆ ಮೂಡಿತು. ಅಂಗಾಲಿನ ಕೆಳಗೆ ನೆಲ ಮೆಲ್ಲಗೆ ಕದಲಿದ್ದು ಗೊತ್ತಾಯಿತು. ನಡೆಯತೊಡಗಿದೆ. ಓಡುವ ವಯಸ್ಸಲ್ಲ ನನ್ನದು, ಸಂಜೆ ಚರ್ಚಿಗೆ ಹೋಗುವವಳ ಹಾಗೆ ನಡೆದೆ. ನೆಲ ಸುಮ್ಮನಾಯಿತು. ಮಧ್ಯದ ವೃತ್ತ ದಾಟಿದೆ, ಆ ಕಡೆಯ ಗೋಲು ಮುಟ್ಟಿದೆ, ತಿರುಗಿ ಬಂದೆ. ಗ್ಯಾಲರಿಯಲ್ಲಿ ಬೆಳ್ಳುಳ್ಳಿ ಬಿಡಿಸುವುದನ್ನು ಎಲ್ಲರೂ ನಿಲ್ಲಿಸಿದ್ದರು. ಪರೀಕ್ಷೆಗೆಂದು ಒಂದು ಕಡೆ ನಿಂತೂ ನೋಡಿದೆ. ಮೂರು ನಾಲ್ಕು ಉಸಿರು ಬಿಡುವಷ್ಟು ಪುರಸೊತ್ತು ಕೊಟ್ಟಿತು, ಆಮೇಲೆ ಹಿಡಿಯಿತು. ಹಿಡಿದ ಮೇಲೆ ಎಷ್ಟು ಕಾಲು ಬಡಿದರೂ ಬಿಡಲಿಲ್ಲ. ಹೊರಗೆ ಬಿದ್ದವಳು ಮತ್ತೆ ಒಳಗೆ ಕಾಲಿಟ್ಟರೆ ಆ ಕ್ಷಣವೇ ಹೊರಗೆ. ಒಮ್ಮೆ ತಳ್ಳಿದವರನ್ನು ಅದು ಆ ದಿನ ಮತ್ತೆ ಸೇರಿಸುವುದಿಲ್ಲ. ಮೊಣಕಾಲು ತರಚಿತ್ತು, ಆದರೆ ಆ ಸಂಜೆ ನಾನು ಮನೆಗೆ ಹಾಡಿಕೊಂಡು ಹೋದೆ.

ಎದುರಾಳಿ ಹುಡುಕುವುದು ಕಷ್ಟವಾಗಲಿಲ್ಲ. ಹೊಳೆಯಾಚೆಯ ಊರಿನಲ್ಲಿ ಸಕ್ಕರೆ ಕಾರ್ಖಾನೆಯ ತಂಡವಿತ್ತು. ಅದೂ ಪಿಂಗಾಣಿಯವರ ಹಾಗೇ ಮುಚ್ಚಿಹೋದದ್ದು. ಅವರ ಸ್ಟೇಡಿಯಂ ಈಗ ಲಾರಿ ಸ್ಟ್ಯಾಂಡ್. ಅಲ್ಲಿ ಶನಿವಾರ ಸಂಜೆ ಒಂದೂವರೆ ಗಂಟೆ ಯಾವ ಲಾರಿಯೂ ಸ್ಟಾರ್ಟ್ ಆಗುವುದಿಲ್ಲ, ಡ್ರೈವರುಗಳು ಅಡುಗೆ ಮಾಡಿಕೊಳ್ಳುತ್ತಾರೆ. ನಾನೂ ಜವರಯ್ಯನೂ ಹೋಗಿ ಅವರ ಹಳೆಯ ಮುಂಪಡೆಯ ಆಟಗಾರ ದೊರೆಸ್ವಾಮಿಯನ್ನು ಕಂಡೆವು. ತಲೆ ಪೂರ್ತಿ ನೆರೆತಿತ್ತು, ಕಾಲು ಮಾತ್ರ ಈಗಲೂ ಕುರ್ಚಿಯ ಕೆಳಗೆ ಸುಮ್ಮನಿರುತ್ತಿರಲಿಲ್ಲ. ವಿಷಯ ಕೇಳಿ ಅವರು ಹೆಂಡತಿಯ ಕಡೆ ತಿರುಗಿ "ಬೂಟೆಲ್ಲಿಟ್ಟಿದೀಯೇ?" ಎಂದರು, ಅಷ್ಟೇ. ಹಳೆಯ ಜೊತೆಗಾರರನ್ನು ಊರೂರಿಂದ ಕರೆಸುವುದಾಗಿ ಮಾತು ಕೊಟ್ಟರು. ಬೀಳ್ಕೊಡುವಾಗ ಕೈಮುಗಿದು ಹೇಳಿದರು: "ಅಕ್ಕಾ, ಒಂದ್ ಮಾತು. ನಾವು ಬಿಟ್ಟುಕೊಟ್ಟು ಆಡಲ್ಲ. ಸುಳ್ಳು ಆಟ ಆಡಿದ್ರೆ ಆ ಮೈದಾನಕ್ಕೆ ಅವಮಾನ."

"ಬಿಟ್ಟುಕೊಡಿ ಅಂತ ಕೇಳೋಕೆ ಬಂದಿಲ್ಲಣ್ಣ," ಎಂದೆ. "ಬನ್ನಿ ಅಂತ ಕರೆಯೋಕೆ ಬಂದ್ವಿ."

ಆಟದ ತೀರ್ಪುಗಾರರಾಗಲು ಶಾಲೆಯಲ್ಲಿ ಡ್ರಿಲ್ ಹೇಳಿಕೊಡುತ್ತಿದ್ದ ಸದಾನಂದ ಮೇಷ್ಟ್ರು ಒಪ್ಪಿದರು. ಒಂದೇ ಒಂದು ನಿಯಮವನ್ನು ಅವರು ನಮ್ಮ ತಲೆಗೆ ಗುದ್ದಿ ಗುದ್ದಿ ಕೂರಿಸಿದರು: ಯಾವ ತಂಡದಲ್ಲೇ ಆಗಲಿ, ಒಳಗಿರುವವರು ಏಳು ಜನಕ್ಕಿಂತ ಕಡಿಮೆಯಾದರೆ ಆಟ ಅಲ್ಲಿಗೇ ನಿಂತಿತು. ನಿಂತ ಆಟ ಆಟವಲ್ಲ. "ಗೋಲು ಎಷ್ಟು ಬೇಕಾದ್ರೂ ತಿನ್ನಿ," ಎಂದರು ಮೇಷ್ಟ್ರು. "ಏಳು ಜನ ಉಳೀರಿ."

ಆಡಬಲ್ಲ ಹುಡುಗರೆಲ್ಲ ದೂರದ ಗಾರೆ ಕೆಲಸಕ್ಕೆ ಹೋಗಿದ್ದರು. ಇದ್ದವರಲ್ಲೇ ಹನ್ನೊಂದು ಜನ ಕೂಡಿಸಿದೆವು. ಜವರಯ್ಯ ನಾಯಕ. ಅವನ ಕೈಕೆಳಗಿನ ನಾಲ್ವರು ಹಮಾಲರು. ಬಾಳೆಹಣ್ಣಿನ ಚೆಲುವ, ತೆಂಗಿನಕಾಯಿಯವನು, ಹೂವಿನವನು, ಸೊಪ್ಪಿನವಳು. ಹಸೀನಾ. ಗೋಲು ಕಾಯಲು ನಾನು. ಅಲ್ಲೇ ನನ್ನ ಅಂಗಡಿ ಇರುವುದರಿಂದ ಆ ಜಾಗದ ಏರುತಗ್ಗು ನನಗೇ ಚೆನ್ನಾಗಿ ಗೊತ್ತು ಎಂದು ಎಲ್ಲರೂ ಸೇರಿ ತೀರ್ಮಾನಿಸಿದರು. ನನ್ನನ್ನು ಯಾರೂ ಕೇಳಲಿಲ್ಲ.

ಆ ಶನಿವಾರ ಗ್ಯಾಲರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊಳೆಯಾಚೆಯಿಂದ ಲಾರಿ ಡ್ರೈವರುಗಳೂ ಬಂದಿದ್ದರು. ಹೇಗೂ ಆ ಹೊತ್ತಿಗೆ ಲಾರಿ ಹೊರಡುವುದಿಲ್ಲವಲ್ಲ. ಮೇಡಂ ನಡುವಿನ ಮೆಟ್ಟಿಲಲ್ಲಿ ಕೂತಿದ್ದರು. ಸಕ್ಕರೆಯವರು ಹಳದಿ ಅಂಗಿಯಲ್ಲಿ ಸಾಲಾಗಿ ಇಳಿದು ಬಂದು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು. ಕೆಲವರ ಹೊಟ್ಟೆ ಅಂಗಿಯಿಂದ ಹೊರಗಿತ್ತು, ಆದರೂ ನಡಿಗೆ ಸಂಬಳಕ್ಕೆ ಆಡಿದವರದ್ದೇ.

ದೊರೆಸ್ವಾಮಿ ನನ್ನ ಎದುರಿಗೆ ಬಂದು ಕೇಳಿದರು: "ಅಕ್ಕಾ, ಜೋರಾಗಿ ಹೊಡೀಲಾ, ಮೆಲ್ಲಗಾ?"

"ಯಾಕೆ, ಮೆಲ್ಲಗೆ ಹೊಡೆಯೋದೂ ಕಲ್ತಿದೀರಾ?" ಎಂದೆ. ಆಮೇಲೆ ಅವರು ಕೇಳಲಿಲ್ಲ.

ಗೆರೆ ಮೂಡಿತು, ಕಂಬ ಎದ್ದಿತು, ಮೇಷ್ಟ್ರು ಸೀಟಿ ಊದಿದರು. ನಾನು ತೊಟ್ಟಿಲು ತೂಗಿದ ಹಾಗೆ ಈ ಕಂಬದಿಂದ ಆ ಕಂಬಕ್ಕೆ, ಆ ಕಂಬದಿಂದ ಈ ಕಂಬಕ್ಕೆ ನಡೆಯತೊಡಗಿದೆ. ನಮ್ಮವರು ಚೆನ್ನಾಗಿಯೇ ಓಡಿದರು. ಮೊದಲ ಚೆಂಡನ್ನು ಬಾಳೆಹಣ್ಣಿನ ಚೆಲುವ ಎಷ್ಟು ಅಚ್ಚುಕಟ್ಟಾಗಿ ಕಾಲಿನಿಂದ ತಡೆದನೆಂದರೆ ಸಕ್ಕರೆಯವರೇ ‘ಶಹಬ್ಬಾಸ್’ ಎಂದರು. ತಡೆದವನು ಬಗ್ಗಿ ಚೆಂಡನ್ನು ಎತ್ತಿ, ತಲೆಯ ಮೇಲೆ ಹಿಡಿದು, ಸುತ್ತಲೂ ನೋಡಿ ಕೂಗಿದ: "ಯಾರ್ದಪ್ಪಾ ಇದು?"

ಸೀಟಿ. ಕೈಯಲ್ಲಿ ಮುಟ್ಟಿದ್ದಕ್ಕೆ ಚೆಂಡು ಸಕ್ಕರೆಯವರಿಗೆ. ಗ್ಯಾಲರಿ ನಕ್ಕು ಉರುಳಾಡಿತು. "ಕೈಲಿ ಮುಟ್ಬೇಡ್ರೋ!" ಎಂದು ಜವರಯ್ಯ ಅರಚಿದ. ಆಮೇಲೆ ಕೈಯಲ್ಲಿ ಯಾರೂ ಮುಟ್ಟಲಿಲ್ಲ. ಆದರೆ ಎಷ್ಟೋ ವರ್ಷದ ರೂಢಿ ಕಾಲಿನಲ್ಲಿ ಕೂತುಬಿಟ್ಟಿತ್ತು. ನಮ್ಮವರು ಚೆಂಡು ತಡೆಯುತ್ತಿದ್ದರು, ತಲೆಯೆತ್ತಿ ನೋಡುತ್ತಿದ್ದರು, ಯಾರ ಕಾಲಿನಿಂದ ಬಂದಿತ್ತೋ ಅವರಿಗೇ ಮರ್ಯಾದೆಯಿಂದ ತಿರುಗಿಸಿ ಒದೆಯುತ್ತಿದ್ದರು. ಒಮ್ಮೆ ದೊರೆಸ್ವಾಮಿ "ನಮ್ದೇ ಕಣಪ್ಪಾ, ಇತ್ತ ಕೊಡು" ಎಂದದ್ದಕ್ಕೆ ಹೂವಿನವನು "ತಗೊಳ್ಳಿ ಸ್ವಾಮಿ" ಎಂದು ಕೊಟ್ಟೇಬಿಟ್ಟ. ಅದು ಗೋಲಾಯಿತು. ಅದರ ಹಿಂದೆಯೇ ಇನ್ನೊಂದು. ನಾನು ಕೆಲವನ್ನು ತಡೆದೆ, ಕೆಲವು ನನ್ನನ್ನು ಕೇಳದೆ ಒಳಗೆ ಹೋದವು.

ಗೋಲಿಗಿಂತ ಹೆಚ್ಚು ಹೆದರಿಕೆ ಜನ ಕಳೆಯುವುದರದ್ದು. ತೆಂಗಿನಕಾಯಿಯವನು ಸಡಿಲವಾದ ಪಂಚೆ ಕಟ್ಟಿಕೊಳ್ಳಲು ನಿಂತ. ಒಂದು ಗಂಟು ಹಾಕಿ ಇನ್ನೊಂದು ಹಾಕುವಷ್ಟರಲ್ಲಿ ಮೈದಾನ ಅವನನ್ನು ಹಿಡಿಯಿತು, ಪಂಚೆ ಹಿಡಿದುಕೊಂಡೇ ಜಾರುತ್ತ ಹೋದ. ಹೂವಿನವನು ಗ್ಯಾಲರಿಯಲ್ಲಿ ಬೀಗರನ್ನು ಕಂಡು ಕೈಮುಗಿದು ನಿಂತ. ಬೀಗರು ಕುಶಲ ಕೇಳಿದರು, ಇವನು ಹೇಳಿದ, ಅವರ ಕಾಲಬುಡಕ್ಕೇ ಬಂದು ಬಿದ್ದ. ಸಕ್ಕರೆಯವರಿಗೂ ತಪ್ಪಲಿಲ್ಲ. ಗೋಲು ಕಾಯುವ ಅವರ ಗೋಲಿ ಹಳೆಯ ಕಾಲದ ಶಿಸ್ತಿನವನು, ಬಾಗಿ ಕೈ ಚಾಚಿ ಅಲುಗಾಡದೆ ನಿಲ್ಲುವವನು. ಹಾಗೇ ಬಾಗಿದ ಭಂಗಿಯಲ್ಲಿ ಹಿಂದಕ್ಕೆ ಜಾರಿ ತನ್ನದೇ ಕಂಬಗಳ ಹಿಂದೆ ಹೋಗಿ ಬಿದ್ದ. ಅವನ ಜಾಗಕ್ಕೆ ಕಾಯುವುದು ಗೊತ್ತಿಲ್ಲದವನೊಬ್ಬ ಬಂದ.

ವಿರಾಮದ ಹೊತ್ತಿಗೆ ಆರು ಗೋಲು ತಿಂದಿದ್ದೆವು, ಒಂಬತ್ತು ಜನ ಉಳಿದಿದ್ದೆವು. ಎಲ್ಲರೂ ಗೋಲಿನ ಹತ್ತಿರ ಬಂದು ಬಿದ್ದುಕೊಂಡರು. ನಿಂಬೆಹುಳಿ ನೀರು ಬಂತು. ನನಗೆ ಸಿಟ್ಟು ನೆತ್ತಿಗೇರಿತ್ತು.

"ಆ ಚೆಂಡು ಕೊಂಡೋರು ಯಾರು?" ಎಂದೆ.

"ನಾವು," ಎಂದ ಚೆಲುವ.

"ಮತ್ತೆ ಯಾರ್ದು ಅಂತ ಊರೆಲ್ಲಾ ಕೇಳ್ತೀಯಲ್ಲೋ! ಹಸೀನಾ, ಈ ಮೈದಾನ ಯಾರ್ದು?"

ಹಸೀನಾ ಯೋಚಿಸದೆ ಹೇಳಿದಳು: "ಪಿಂಗಾಣಿಯೋರ್ದು."

"ಎಲ್ಲವ್ರೆ ಪಿಂಗಾಣಿಯೋರು? ಒಬ್ಬ ಟಿಕೆಟ್ ಹರೀತವ್ನೆ, ಒಬ್ಬ ಬನ್ ಸುಡ್ತವ್ನೆ. ದಿನಾ ಬೆಳಗ್ಗೆ ಇದ್ನ ಗುಡಿಸೋರ್ಯಾರು? ಮಳೆ ನೀರು ನಿಂತ್ರೆ ತೋಡಿ ಬಿಡೋರ್ಯಾರು? ಗ್ಯಾಲರಿ ಬಿರುಕಿಗೆ ಸಿಮೆಂಟ್ ಮೆತ್ತಿದ್ದು ಯಾರು?"

"ನಾನು," ಎಂದ ಜವರಯ್ಯ, ಮೆಲ್ಲಗೆ.

"ಹಂಗಾದ್ರೆ ನಮ್ದು. ಉರುಳಿದ ಈರುಳ್ಳಿ ಬೇರೆಯವರ್ದು, ಕೊಡೋಣ. ಈ ಚೆಂಡು ನಮ್ದು, ಈ ನೆಲ ನಮ್ದು. ಇನ್ಮೇಲೆ ಯಾರ್ದು ಅಂತ ಯಾರೂ ಕೇಳ್ಬೇಡಿ. ಕಾಲಿಗೆ ಸಿಕ್ಕಿದ ಕೂಡ್ಲೆ ‘ನಮ್ದು’ ಅಂತ ಕೂಗಿ. ಕೂಗಿದೋರಿಗೆ ಕೊಡಿ."

ಎರಡನೆಯ ಅರ್ಧದಲ್ಲಿ ಚೆಲುವನ ಕಾಲಿಗೆ ಚೆಂಡು ಬಂತು. ಅವನ ಬಾಯಿ ‘ಯಾ’ ಎಂದು ತೆರೆಯಿತು. ಮುಚ್ಚಿತು. ಮತ್ತೆ ತೆರೆಯಿತು. "ನಮ್ದು!" ಎಂದು ಕಿರುಚಿದ. ಆ ಕಡೆಯಿಂದ ಹಮಾಲನೊಬ್ಬ "ನಮ್ದು!" ಎಂದ. ಚೆಂಡು ಅವನಿಗೆ ಹೋಯಿತು. ಅವನಿಂದ "ನಮ್ದು!" ಎಂದ ಹಸೀನಾಗೆ. ಗ್ಯಾಲರಿಯಲ್ಲಿದ್ದ ಸಂತೆಯವರಿಗೆ ಅರ್ಥವಾಯಿತು. ಮೊದಲು ಒಂದು ಮೂಲೆ, ಆಮೇಲೆ ಇಡೀ ಗ್ಯಾಲರಿ, ಚೆಂಡು ನಮ್ಮವರ ಕಾಲಿಗೆ ತಾಗಿದಾಗೆಲ್ಲ "ನಮ್ದು!" ಎಂದು ಒಟ್ಟಿಗೆ ಕೂಗತೊಡಗಿತು. ಇಷ್ಟು ವರ್ಷ ಖಾಲಿ ಮೈದಾನವನ್ನು ನೋಡಿಕೊಂಡು ಬೆಳ್ಳುಳ್ಳಿ ಬಿಡಿಸಿದ ಜನ ಅವರು. ಆ ಕೂಗಿಗೆ ನನ್ನ ಮೈಯೆಲ್ಲ ಜುಮ್ಮೆಂದಿತು. ಸಕ್ಕರೆಯವರು ಮೊದಲ ಸಲ ನಮ್ಮ ಹಿಂದೆ ಓಡಿದರು.

ಆದರೆ ಆಟ ಉದ್ದವಾಗಿತ್ತು, ನಮ್ಮ ಉಸಿರು ಗಿಡ್ಡ. ಸೊಪ್ಪಿನವಳು ಎದೆ ಹಿಡಿದು ಕೂತಳು, ಜಾರಿ ಹೋದಳು. ಹಮಾಲನೊಬ್ಬ ಕೆಮ್ಮು ಬಂದು ನಿಂತ, ಅವನೂ ಹೋದ. ಸಕ್ಕರೆಯವರು ಏಳನೆಯ ಗೋಲು ಹೊಡೆದರು. ಈಗ ಸರಿಯಾಗಿ ಏಳು ಜನ ಉಳಿದೆವು. ಮೇಷ್ಟ್ರು ಓಡುತ್ತಲೇ ನನಗೆ ಕೈಬೆರಳು ತೋರಿಸಿ ಎಚ್ಚರಿಸಿದರು. ಇನ್ನು ಒಬ್ಬರು ನಿಂತರೆ ಎಲ್ಲ ಮುಗಿಯಿತು. ಗೋಲು ಕೊಟ್ಟದ್ದು, ಹುಳಿನೀರು ಕುಡಿದದ್ದು, ದೊರೆಸ್ವಾಮಿ ಬೂಟು ಹುಡುಕಿದ್ದು ಎಲ್ಲ ದಂಡ. ಮತ್ತೆ ಚರಂಡಿಯ ಪಕ್ಕ.

ಆಗ ಹಸೀನಾ ಬಿದ್ದಳು. ಯಾರೂ ತಾಗಿರಲಿಲ್ಲ. ಮೀನಖಂಡ ಹಿಡಿದುಕೊಂಡಿತ್ತು. ನಡು ಮೈದಾನದಲ್ಲಿ ಕಾಲು ಹಿಡಿದು ಹೊರಳಾಡಿದಳು. "ಏಳೇ, ಹಸೀನಾ! ತೆವಳಾದ್ರೂ ತೆವಳೇ!" ಎಂದು ನಾನು ಗಂಟಲು ಹರಿಯುವ ಹಾಗೆ ಕೂಗಿದೆ. ಏಳಲು ನೋಡಿದಳು, ಆಗಲಿಲ್ಲ. ಹೊರಳುತ್ತಿದ್ದವಳು ನೋವಿಗೆ ಬಿಗಿದುಕೊಂಡು ಸುಮ್ಮನಾದಳು. ಒಂದು ಉಸಿರು, ಎರಡು ಉಸಿರು.

ಜವರಯ್ಯ ಆ ತುದಿಯಿಂದ ಬಂದ. ಅವನು ಯೋಚಿಸಿ ಮಾಡಿದ್ದೋ ಯೋಚಿಸದೆ ಮಾಡಿದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ. ಹಮಾಲ ಮೂಟೆ ಎತ್ತುವುದು ಹೇಗೆಂದು ಸಂತೆಯವರು ದಿನಾ ನೋಡುತ್ತಾರೆ. ಬರುವ ವೇಗದಲ್ಲೇ ಬಗ್ಗಿ, ಒಂದು ಕೈ ತೋಳಿಗೆ, ಒಂದು ಕೈ ಮಂಡಿಗೆ ಹಾಕಿ, ಹುಂ ಎಂದು ಬೆನ್ನಿಗೆ ಎಸೆದುಕೊಂಡು ನಿಲ್ಲದೆ ಮುಂದಕ್ಕೆ ನಡೆದುಬಿಡುತ್ತಾನೆ. ಹಸೀನಾ ಅವನ ಬೆನ್ನೇರಿದಳು. ಜವರಯ್ಯ ಓಡುತ್ತಲೇ ಇದ್ದ.

"ಇಳಿಸೋ ಜವರಣ್ಣಾ, ಜನ ನೋಡ್ತಾವ್ರೆ!" ಎಂದು ಅವಳು ಅವನ ತಲೆಗೆ ಮೊಟಕಿದಳು.

"ನೋಡ್ಲಿ ಬಿಡವ್ವಾ. ಸಕ್ರೆ ಮೂಟೆಗಿಂತ ಹಗುರ ಅವ್ಳೆ ಅಂತಾರೆ."

ಮೈದಾನ ಅವಳನ್ನು ಹಿಡಿಯಲಿಲ್ಲ. ಹೊತ್ತುಕೊಂಡು ಓಡಿದರೂ ಓಟ ಓಟವೇ. ಮೇಡಂ ಮೆಟ್ಟಿಲ ಮೇಲೆ ಎದ್ದು ನಿಂತು ಮೇಷ್ಟ್ರನ್ನು ಕೂಗಿ ಕೇಳಿದರು: "ಮೇಷ್ಟ್ರೇ, ಇದು ನಡೆಯುತ್ತಾ?"

"ಎದುರಾಳೀನ ಎತ್ಕೋಬಾರ್ದು ಮೇಡಂ," ಎಂದರು ಮೇಷ್ಟ್ರು ಓಡುತ್ತ. "ತಮ್ಮೋರ್ನ ಎತ್ಕೋಬಾರ್ದು ಅಂತ ನಾನೆಲ್ಲೂ ಓದಿಲ್ಲ!"

ಗ್ಯಾಲರಿ ಹುಚ್ಚೆದ್ದು ಕೂಗಿತು. ಆ ಗಲಾಟೆಯಲ್ಲಿ ಚೆಲುವನ ಕಾಲಿಗೆ ಚೆಂಡು ಸಿಕ್ಕಿತು. "ನಮ್ದು!" ಎಂದು ಜವರಯ್ಯನ ಬೆನ್ನ ಮೇಲಿಂದ ಹಸೀನಾ ಕೂಗಿದಳು. ಮೈದಾನದಲ್ಲಿ ಅವಳಿಗಿಂತ ಎತ್ತರದಲ್ಲಿ ಯಾರೂ ಇರಲಿಲ್ಲ. ಕೂಗಿದವರಿಗೆ ಕೊಡಬೇಕೆಂದು ನಾನು ಹೇಳಿದ್ದೆನಲ್ಲ, ಚೆಲುವ ಕಣ್ಣು ಮುಚ್ಚಿ ಎತ್ತಿ ಒದ್ದ. ಚೆಂಡು ಸಕ್ಕರೆಯವರ ತಲೆಗಳ ಮೇಲೆ ಹಾರಿ ಬಂತು. ಜವರಯ್ಯ ಅದರ ಕೆಳಗೆ ಓಡಿದ. ಹಸೀನಾ ಸೆರಗು ಹಲ್ಲಿನಲ್ಲಿ ಕಚ್ಚಿ, ಕತ್ತು ಚಾಚಿ, ಹಣೆಯಿಂದ ಒಂದು ಕೊಟ್ಟಳು. ಕಾಯುವುದು ಗೊತ್ತಿಲ್ಲದ ಗೋಲಿ ಚೆಂಡು ನೋಡುವುದೋ ಮುದುಕನ ಬೆನ್ನೇರಿ ಬರುತ್ತಿದ್ದ ಹೆಂಗಸನ್ನು ನೋಡುವುದೋ ತಿಳಿಯದೆ ಅವಳನ್ನೇ ನೋಡಿದ. ಚೆಂಡು ಅವನ ಕಿವಿಯ ಪಕ್ಕದಿಂದ ಒಳಗೆ ಹೋಯಿತು.

ಆ ಗದ್ದಲವನ್ನು ನಾನು ಹೇಳಿ ತೋರಿಸಲಾರೆ. ತೆಂಗಿನಕಾಯಿಯವನು ಪಂಚೆಯನ್ನು ಮತ್ತೆ ಮರೆತ. ಲಾರಿ ಡ್ರೈವರುಗಳು ಯಾರ ಕಡೆಯವರೆಂಬುದನ್ನೇ ಮರೆತು ಕುಣಿದರು. ದೊರೆಸ್ವಾಮಿ ನಡೆಯುತ್ತಲೇ ಚಪ್ಪಾಳೆ ತಟ್ಟಿದರು, ಅವರ ಕಣ್ಣಲ್ಲಿ ನೀರಿತ್ತು. ನಾನು ಕುಣಿಯುವ ಸಂಭ್ರಮದಲ್ಲಿ ನಿಲ್ಲಲು ಮರೆತೆ, ಪುಣ್ಯ. ಉಳಿದ ಹೊತ್ತನ್ನು ಜವರಯ್ಯ ಅವಳನ್ನು ಹೊತ್ತುಕೊಂಡೇ ಮೈದಾನ ಸುತ್ತಿದ. ಸುತ್ತಿಗೊಮ್ಮೆ ಅವನು ನನ್ನ ಮುಂದೆ ಹಾದಾಗ ಇಬ್ಬರೂ ಜಗಳವಾಡುವುದು ಕೇಳುತ್ತಿತ್ತು. ಕೊನೆಯ ಸುತ್ತಿನಲ್ಲಿ ಅವಳು ಬೈಯುವುದನ್ನು ಬಿಟ್ಟು ಅವನ ಹಣೆಯ ಬೆವರನ್ನು ಸೆರಗಿನಿಂದ ಒರೆಸುತ್ತಿದ್ದಳು.

ಮೇಷ್ಟ್ರು ಉದ್ದವಾಗಿ ಸೀಟಿ ಊದಿದರು. ಏಳು ಜನ ಒಳಗೇ ಇದ್ದೆವು. ಗೆರೆ ಇಂಗಿತು, ಕಂಬ ಇಳಿಯಿತು. ಜವರಯ್ಯ ಹಸೀನಾಳನ್ನು ಮೊಟ್ಟೆಯ ತಟ್ಟೆ ಇಳಿಸುವ ಹಾಗೆ ಜೋಪಾನವಾಗಿ ಇಳಿಸಿ ಪಕ್ಕದಲ್ಲೇ ಅಂಗಾತ ಮಲಗಿದ. ಆ ನೆಲ ಅವನನ್ನು ಎಲ್ಲಿಗೂ ತಳ್ಳಲಿಲ್ಲ.

ಮೇಡಂ ಚಪ್ಪಲಿ ಕೈಯಲ್ಲಿ ಹಿಡಿದು ಇಳಿದು ಬಂದರು. "ಪೂರ್ತಿ ಆಯ್ತಾ ಮೇಷ್ಟ್ರೇ?"

"ಎರಡು ನಿಮಿಷ ಜಾಸ್ತೀನೇ ಆಡ್ಸಿದೀನಿ ಮೇಡಂ. ಯಾರೂ ಮಾತಾಡ್ಬಾರ್ದು ನೋಡಿ."

"ಆಟದ ಮೈದಾನ ಅಂತಲೇ ಬರೀತೀನಿ," ಎಂದರು ಮೇಡಂ ನನ್ನ ಕಡೆ ತಿರುಗಿ. "ಆದ್ರೆ ಅಮ್ಮಾ, ಒಂದು ಸಲ ಆಡಿ ಸುಮ್ನಾದ್ರೆ ಮುಂದೆ ಬರೋರು ಮತ್ತೆ ಪಾಳು ಅಂತಾರೆ. ಆಡ್ತಾ ಇರ್ಬೇಕು."

ನಾನು ಬಾಯಿ ತೆರೆಯುವ ಮೊದಲೇ ದೊರೆಸ್ವಾಮಿ ಹೇಳಿದರು: "ಆಡ್ತೀವಿ ತಾಯಿ. ನಮಗೆ ಆಡೋಕೆ ಬೇರೆ ನೆಲ ಎಲ್ಲಿದೆ?"

ಅಂದಿನಿಂದ ಪ್ರತಿ ಶನಿವಾರ ಆಟವಿದೆ. ಒಂದೂವರೆ ಗಂಟೆ ಕೂತು ಬೆಳ್ಳುಳ್ಳಿ ಬಿಡಿಸುವ ನೆಮ್ಮದಿ ಹೋಯಿತು, ಆ ಮೆಟ್ಟಿಲ ಮೇಲೆ ಈಗ ಮದುವೆಯ ಮಾತು ಯಾರ ಕಿವಿಗೂ ಬೀಳುವುದಿಲ್ಲ. ನನ್ನ ಎಡ ಮೊಣಕಾಲು ಮೊದಲಿನ ಹಾಗೆ ಮಡಚುವುದಿಲ್ಲ. ಆ ದಿನದ ಆಟವನ್ನು ನಾವು ಏಳಕ್ಕೆ ಒಂದರಿಂದ ಸೋತೆವು. ಮೈದಾನ ನಮಗೆ ಉಳಿಯಿತು.